ಅಣ್ಣನ ಕೈಯಳತೆಯ ವಾಚು

ಎಲ್ಲವನ್ನೂ ನನಗಿಂತ ಮೊದಲು ಪಡೆದ ರೇಣುಕಣ್ಣನಿಗೆ,

ಇವತ್ತು ಹಿರಿಯರ ಹಬ್ಬ. ಮಧ್ಯಾಹ್ನ ಗುಬ್ಬಿಯ ಮನೆಯಲ್ಲಿ ನಿನಗೆ ಎಡೆ ಇಟ್ಟು, ಕರ್ಪೂರ ಹಚ್ಚಿ, ವಾಡಿಕೆಯಂತೆ ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಯ ಮೇಲೆ ಕೂತಿದ್ದೆವು. ತೀರಿಕೊಂಡವರು ಬಂದು ಉಂಡು ಹೋಗುವಷ್ಟು ಹೊತ್ತು ಯಾರೂ ಒಳಗೆ ಇಣುಕಬಾರದಲ್ಲ. ನೀನು ಬಂದಿದ್ದೆಯೋ ಇಲ್ಲವೋ ಕಾಣೆ. ಬಂದಿದ್ದರೆ, ಈ ಸಲ ಎಲೆಯ ಪಕ್ಕದಲ್ಲಿ ನಿನ್ನ ಹೊಸ ಬಟ್ಟೆ ಇರಲಿಲ್ಲ ಅನ್ನುವುದು ಕಣ್ಣಿಗೆ ಬಿದ್ದಿರಬೇಕು. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅದಕ್ಕೆ ಕಾರಣ ನಾನು, ಒಂದು ವಾಚು, ಮತ್ತೆ ನನ್ನ ಹೊಟ್ಟೆಕಿಚ್ಚು. ಯಾರ ಮೇಲೆ ಅಂತ ಕೇಳುತ್ತೀಯಾ? ನಿನ್ನ ಮೇಲೇ. 'ಸತ್ತೋರ್ ಮೇಲೂ ಯಾರಾದ್ರೂ ಹೊಟ್ಟೆಕಿಚ್ಚು ಪಡ್ತಾರೇನ್ರೀ?' ಅಂತ ನನ್ನ ಹೆಂಡತಿ ಸುಮಾ ಕೇಳಿದಳು. ಪಡುತ್ತಾರೆ. ನಾನಿದ್ದೇನಲ್ಲ.

ನನಗೆ ನೆನಪಿರುವ ಮೊದಲ ಯುಗಾದಿ ಅಪ್ಪನ ಟೈಲರ್ ಅಂಗಡಿಯದು. ಹಲಗೆಯ ಮುಂದೆ ನಿನ್ನನ್ನು ನಿಲ್ಲಿಸಿಕೊಂಡು ಅಪ್ಪ ಅಳತೆ ತೆಗೆಯುತ್ತಿದ್ದ. ಕುತ್ತಿಗೆ, ಭುಜ, ಎದೆ, ತೋಳು. ನೀನು ಉಸಿರು ಬಿಗಿಹಿಡಿದು ಎದೆ ಉಬ್ಬಿಸಿದೆ. ಅಪ್ಪ ನಿನ್ನ ಬೆನ್ನಿಗೆ ತಟ್ಟಿ, 'ಗಾಳಿ ಬುಡ್ಲಾ, ಗಾಳಿಗೆಲ್ಲ ಅಂಗಿ ಹೊಲಿಯಾಕಾಯ್ತದಾ?' ಅಂತ ನಕ್ಕ. ಮುಂದಿನ ಸರದಿ ನನ್ನದು ಅಂದುಕೊಂಡು ನಾನು ನಿನ್ನ ಹಿಂದೆಯೇ ಕೈ ಚಾಚಿ ನಿಂತಿದ್ದೆ. ಅಪ್ಪ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು, 'ಮಂಜಂಗೆ ಇವಂದು ಹಳೇದೇ ಐತಲ್ಲ, ಒಂಚೂರು ಮಡಿಸಿ ಹೊಲಿದ್ರಾಯ್ತು' ಅಂದ. ಊರಿಗೆಲ್ಲ ಅಳತೆ ತೆಗೆದು ಅಂಗಿ ಹೊಲಿದುಕೊಟ್ಟ ದರ್ಜಿಯ ಮನೆಯಲ್ಲಿ ಹುಟ್ಟಿ, ಮೈಗೆ ಟೇಪು ತಾಗಿಸಿಕೊಳ್ಳದೆ ಬೆಳೆದವನು ನಾನು. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಆ ಕತ್ತಲಲ್ಲಿ ನನಗೊಂದು ಕಾಯಂ ಜಾಗ ಇತ್ತು.

ನೀನು ಕೆಟ್ಟವನಾಗಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ನಿನ್ನ ಹಳೆಯ ಸೈಕಲ್ಲು ನನ್ನ ಕೈಗೆ ಬಂದ ದಿನ ನೀನೇ ಚೈನಿಗೆ ಎಣ್ಣೆ ಬಿಟ್ಟು, ಬ್ರೇಕು ಬಿಗಿಮಾಡಿ ಕೊಟ್ಟಿದ್ದೆ. ನಿನಗೆ ಬಿಗಿಯಾದ ಸ್ವೆಟರನ್ನು ಒಗೆಸಿ, ಮಡಿಸಿ ಕೊಟ್ಟಿದ್ದೆ. ಆದರೆ ಆ ಸ್ವೆಟರಿನ ಮೊಣಕೈಯಲ್ಲಿ ನಿನ್ನ ಮೊಣಕೈ ಉಬ್ಬಿಕೊಂಡು ನಿಂತಿತ್ತಲ್ಲ, ಅದನ್ನು ಯಾವ ಇಸ್ತ್ರಿ ತಾನೇ ತೆಗೆದೀತು? ನಾನು ಎಲ್ಲಿ ಹೋದರೂ ಜನ 'ರೇಣುಕನ ತಮ್ಮ ಅಲ್ವಾ' ಅನ್ನುತ್ತಿದ್ದರು. ಮುಖ ನೋಡಿ ಅಲ್ಲ, ಅಂಗಿ ನೋಡಿ.

ಆಮೇಲೆ ನೀನು ಬೋರ್‌ವೆಲ್ ಮೋಟಾರು ಎತ್ತುವ, ಇಳಿಸುವ ಕೆಲಸಕ್ಕೆ ಇಳಿದೆ. ವಾಚುಗಳ ಕಾಲ ಶುರುವಾಯಿತು. ಪೈಪು ಎಳೆಯುವ ಚೈನಿಗೆ ತಗುಲಿ ನಿನ್ನ ಯಾವ ವಾಚಿನ ಗಾಜೂ ಬಾಳಲಿಲ್ಲ. ಗೀರು ಬಿದ್ದದ್ದು ನನಗೆ, ಹೊಸದು ನಿನಗೆ. ಸಿ.ಎಸ್. ಪುರದ ಯಾವುದೋ ತೋಟದಲ್ಲಿ ಮೋಟಾರು ಇಳಿಸಲು ಹೋಗಿದ್ದಾಗ ಅಲ್ಲಿಯ ಇಂಜಿನಿಯರ್ ಒಬ್ಬರ ಕೈಯಲ್ಲಿ ದಪ್ಪನೆಯ ಸ್ಮಾರ್ಟ್‌ವಾಚು ನೋಡಿ ಬಂದೆಯಲ್ಲ, ಆ ದಿನದ ಊಟ ನೆನಪಿದೆಯಾ? 'ಕಲ್ಲಿಗೆ ಬಡಿದ್ರೂ ಏನಾಗಕಿಲ್ವಂತೆ ಕಣಪ್ಪ. ಕೆಸ್ರಾಗೆ ಬಿದ್ರೂ ಓಡ್ತದಂತೆ. ಒಂದಲ್ಲ ಒಂದಿನ ಅದ್ನ ತಗೊಂಡೇ ತಗೋತೀನಿ' ಅಂತ ಮುದ್ದೆ ಮುರಿಯುವುದನ್ನೂ ಮರೆತು ಹೇಳಿದೆ. ಅಪ್ಪ ಬಾಯಿ ಬಿಟ್ಟುಕೊಂಡು ಕೇಳಿದ. ನಾನು ಮಾತ್ರ ಮನಸ್ಸಿನಲ್ಲೇ, ಅದು ನನ್ನ ಕೈಗೆ ಬರುವುದು ಯಾವಾಗ, ಕಲ್ಲಿಗೆ ಬಡಿದರೂ ಒಡೆಯದ ವಾಚನ್ನು ನೀನು ಯಾಕಾದರೂ ಬಿಟ್ಟುಕೊಡುತ್ತೀಯ, ಅಂತ ಲೆಕ್ಕ ಹಾಕುತ್ತಿದ್ದೆ. ವಾಚು ಕೊಳ್ಳುವ ಮೊದಲೇ ನಿನ್ನ ಎದೆಬಡಿತ ನಿಂತುಹೋಗುತ್ತದೆ ಅಂತ ಯಾರಿಗೆ ಗೊತ್ತಿತ್ತು...

ನೀನು ಹೋದ ಮೇಲಿನ ಮೊದಲ ಹಿರಿಯರ ಹಬ್ಬ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ನಿನಗೆ ಒಂದು ಜೊತೆ ಬಟ್ಟೆ ಹೊಲಿದು ಎಡೆಗೆ ಇಟ್ಟ. ಯಾರನ್ನೂ ಕೇಳಲಿಲ್ಲ, ಹಳೆಯ ಅಂಗಿ ತೆಗೆದು ನೋಡಲಿಲ್ಲ, ನಿನ್ನ ಅಳತೆ ಅವನ ಬೆರಳಿನಲ್ಲೇ ಇತ್ತು. ಎಡೆಗಿಟ್ಟ ಬಟ್ಟೆಯನ್ನು ಹೊತ್ತು ಮುಳುಗುವುದರೊಳಗೆ ಮನೆಯ ಗಂಡಸೊಬ್ಬ ಮೈಮೇಲೆ ಹಾಕಿಕೊಳ್ಳಬೇಕು ಅನ್ನುವುದು ನಮ್ಮಲ್ಲಿ ಪದ್ಧತಿ. ನಿನಗಿರುವುದು ಒಬ್ಬಳೇ ಮಗಳು. ಅಪ್ಪ ಹಾಕಿಕೊಳ್ಳುವ ಹಾಗಿಲ್ಲ, ಮಗನ ಎಡೆಬಟ್ಟೆ ತಂದೆ ಉಡಬಾರದಂತೆ. ಉಳಿದವನು ಯಾರು? ಅಂದಿನಿಂದ ಪ್ರತಿ ವರ್ಷ ಅಪ್ಪ ನಿನ್ನ ಅಗಲ ಭುಜಕ್ಕೆ ಹೊಲಿಯುತ್ತಾನೆ, ನನ್ನ ಈ ಸಣಕಲು ಭುಜದ ಮೇಲೆ ಅದು ಜೋಲುತ್ತದೆ. ಸತ್ತ ಮೇಲೂ ಹೊಸದು ನಿನಗೆ, ನೀನು ಹಾಕಿಕೊಂಡು ಬಿಟ್ಟದ್ದು ನನಗೆ. ಕುಣಿಗಲ್‌ನ ಡ್ರೈವಿಂಗ್ ಸ್ಕೂಲಿನಲ್ಲಿ ನನ್ನ ಹತ್ತಿರ ಕಾರು ಕಲಿಯಲು ಬರುವ ಟೀಚರಮ್ಮ ಒಂದು ದಿನ, 'ಸರ್, ತೂಕ ಇಳಿಸಿದ್ರಾ? ಶರ್ಟೆಲ್ಲಾ ಲೂಸಾಗಿದೆ' ಅಂತ ಕೇಳಿಯೇಬಿಟ್ಟರು. ನಮ್ಮಣ್ಣ ಇಳಿಸಿಲ್ಲ ಮೇಡಂ ಅನ್ನಬೇಕು ಅನ್ನಿಸಿತು. ಕ್ಲಚ್ ನಿಧಾನಕ್ಕೆ ಬಿಡಿ ಅಂದೆ.

ಈ ವರ್ಷ ಹಬ್ಬ ಹತ್ತಿರ ಬಂದಾಗ ಅಪ್ಪ ಫೋನು ಮಾಡಿದ. 'ಈ ಸಲ ಬಟ್ಟೆ ಬ್ಯಾಡ ಕಣ್ಲಾ. ರೇಣುಕ ಕನಸ್ನಾಗೆ ಬಂದಿದ್ದ. ಬರೀ ಕೈಲಿ ಬಂದಿದ್ದ. ಅವ್ನು ಕೇಳ್ತಿದ್ದ ವಾಚಿತ್ತಲ್ಲ, ಅದ್ನೇ ಎಡೆಗಿಕ್ಕಾಣ.' ನನ್ನ ಕನಸಿಗೆ ಒಂದು ದಿನವೂ ಬರದವನು ಅಪ್ಪನ ಕನಸಿಗೆ ಬಂದು ಕೈ ತೋರಿಸಿ ಹೋಗಿದ್ದೀಯ. ಹೊಟ್ಟೆ ಉರಿಯಿತು. ಮರುಗಳಿಗೆಯೇ ಇನ್ನೊಂದು ಯೋಚನೆ ಬಂದು ತಣ್ಣಗಾಯಿತು. ಎಡೆಗಿಟ್ಟದ್ದು ಸಂಜೆಗೆ ಯಾರ ಕೈಗೆ ಬರುತ್ತದೆ? ನನ್ನ ಕೈಗೆ ತಾನೆ? ಹಾಗಿದ್ದರೆ ನನ್ನ ಕೈಗೆ ಆಗುವಂಥದ್ದನ್ನೇ ತಂದರೆ ಆಯಿತಲ್ಲ. ಆ ವಾರವೆಲ್ಲ ಫೋನಿನಲ್ಲಿ ವಾಚಿನ ವಿಡಿಯೋ ನೋಡಿದ್ದೇ ನೋಡಿದ್ದು. ಒಂದು ಗಟ್ಟಿಮುಟ್ಟಿನದು: ಟೈಟಾನಿಯಂ ಕವಚ, ದೊಡ್ಡ ಡಯಲ್, ದಿನಗಟ್ಟಲೆ ಚಾರ್ಜು, ನೀರಿನ ಆಳ, ಬೆಟ್ಟದ ಎತ್ತರ. ಇನ್ನೊಂದು ಸಾದಾ: ಸಣ್ಣದು, ಹಗುರ, ನಿದ್ದೆ, ನಡಿಗೆ, ಎದೆಬಡಿತ ಎಲ್ಲ ತೋರಿಸುತ್ತದೆ. ಡ್ರೈವಿಂಗ್ ಕಲಿಸುವವನಿಗೆ ಬೆಟ್ಟದ ಎತ್ತರ ಯಾಕೆ ಬೇಕು? ಎದೆಬಡಿತ ಗೊತ್ತಾದರೆ ಸಾಕು. ಹೊಸಬರು ಬ್ರೇಕು ಅಂದುಕೊಂಡು ಆಕ್ಸಿಲರೇಟರ್ ಒತ್ತಿದಾಗ ಅದು ಎಷ್ಟಕ್ಕೆ ಏರುತ್ತದೆ ಅಂತ ನೋಡುವ ಆಸೆ ನನಗೂ ಇತ್ತು.

ಆ ಭಾನುವಾರ ತುಮಕೂರಿನಲ್ಲಿ ಅಪ್ಪನನ್ನು ಬಸ್‌ಸ್ಟ್ಯಾಂಡಿನಿಂದ ಬೈಕಿನಲ್ಲಿ ಕೂರಿಸಿಕೊಂಡು ಶಿರಾ ಗೇಟಿನ ಹತ್ತಿರದ ವಾಚಿನ ಅಂಗಡಿಗೆ ಹೋದೆ. ಅಪ್ಪ ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಅಂಗಡಿಯ ಹೆಂಗಸು ಒಳ್ಳೆಯವರು. ಎರಡೂ ವಾಚುಗಳನ್ನು ಗಾಜಿನ ಮೇಲೆ ಪಕ್ಕಪಕ್ಕ ಇಟ್ಟರು. 'ತಾತ, ಇದು ರಫ್ ಯೂಸ್‌ಗೆ. ಬಿದ್ರೂ, ನೆಂದ್ರೂ ಏನೂ ಆಗಲ್ಲ. ಇದು ನಾರ್ಮಲ್, ಆಫೀಸು ಮನೆಗೆ ಸರಿಹೋಗುತ್ತೆ. ಯಾರಿಗೆ ಬೇಕಿತ್ತು?' ಅಂದರು.

'ನನ್ ದೊಡ್ ಮಗಂಗೆ' ಅಂದ ಅಪ್ಪ. ಅಂದವನ ದನಿಯಲ್ಲಿ ಒಂದಿಷ್ಟೂ ಅಳುಕಿಲ್ಲ. ನೀನು ಹೊರಗೆ ಬೈಕು ನಿಲ್ಲಿಸುತ್ತಿದ್ದೀಯೇನೋ ಅನ್ನುವ ಹಾಗೆ.

'ಅವ್ರ ಕೈ ದಪ್ಪನಾ, ಸಣ್ಣನಾ? ಬೆಲ್ಟ್ ಸೈಜ್ ನೋಡ್ಬೇಕು' ಅಂದರು ಆಕೆ. ಅಪ್ಪ ತನ್ನ ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಗಾಳಿಯಲ್ಲಿ ಒಂದು ಬಳೆ ಮಾಡಿ ಹಿಡಿದ. 'ಇಷ್ಟು' ಅಂದ. ಅಣ್ಣ, ಅದು ನಿನ್ನ ಮಣಿಕಟ್ಟು. ನೂಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ನೀನು ಚೈನು ಹಿಡಿದು ಎಳೆಯುವಾಗ ಉಬ್ಬುತ್ತಿದ್ದ ಆ ಮಣಿಕಟ್ಟನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಆಕೆ ಗಟ್ಟಿ ವಾಚಿನ ಬೆಲ್ಟನ್ನು ಆ ಬೆರಳುಗಳ ಸುತ್ತ ಹಾಕಿ ನೋಡಿದರು. ಸರಿಯಾಗಿ ಕೂತಿತು. ಅಪ್ಪನ ಮುಖ ಅರಳಿತು. ನನಗೆ ನಿನ್ನ ನೆನಪಾಗಿ ಗಂಟಲು ಕಟ್ಟಿತು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಕಟ್ಟಲಿಲ್ಲ. ಮೈಯೆಲ್ಲ ಉರಿಯಿತು.

'ಅಪ್ಪ, ಎಡೆ ಆದ್ಮೇಲೆ ಕಟ್ಕೊಳ್ಳೋನು ನಾನಲ್ವಾ? ಈ ಸಾದಾ ಆದ್ರೆ ನನ್ ಕೈಗೆ ಆಯ್ತದೆ' ಅಂದೆ. ಅಪ್ಪ ನನ್ನನ್ನೂ ಆ ವಾಚನ್ನೂ ನೋಡಿದ. 'ಅಂಗಾದ್ರೆ ಅದ್ನೇ ತಗೊ, ಬುಡು. ನಿಂಗೆ ಸಾದಾದ್ದೇ ಸಾಕು' ಅಂದ.

ನಾನು ಕೇಳಿದ್ದೇ ಸಿಕ್ಕಿತಲ್ಲವಾ? ಖುಷಿಯಾಗಬೇಕಿತ್ತಲ್ಲವಾ? ಆ 'ಸಾಕು' ಅನ್ನುವ ಮಾತು ಇದೆಯಲ್ಲ, ಅದು ನಾಟಿತು. ನಿನಗಾದರೆ ಗಟ್ಟಿಯದೇ ಬೇಕು, ನನಗಾದರೆ ಸಾದಾ ಸಾಕು. ನೀನು ಬರೀ ಕೈಯಲ್ಲಿ ಕನಸಿಗೆ ಬಂದರೆ ಟೈಟಾನಿಯಂ, ನಾನು ಮೈ ಕೈ ಸಮೇತ ಎದುರಿಗೆ ನಿಂತರೆ ಸಾದಾ ಸಾಕು! ಗಟ್ಟಿಯದನ್ನು ತಂದಿದ್ದರೆ ನಿನ್ನ ಅಳತೆ ಅಂತ ಉರಿಯುತ್ತಿದ್ದೆ, ಸಾದಾ ತಂದರೆ ನನ್ನ ಬೆಲೆ ಇಷ್ಟೇನಾ ಅಂತ ಉರಿದೆ. ಹೊಟ್ಟೆಕಿಚ್ಚಿಗೆ ಯಾವ ಮಾಡೆಲ್ಲೂ ಆಗಿಬರುವುದಿಲ್ಲ ಅಂತ ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ, ಬಾಯಿ ಜಾರಿತು. 'ಅಣ್ಣನ ಕೈ ಎಷ್ಟು ಅಂತ ಗಾಳೀಲಿ ತೋರ್ಸ್ದೆ. ನನ್ ಕೈ ಎಷ್ಟಪ್ಪ? ತೋರ್ಸು ನೋಡಾಣ.'

ಅಪ್ಪ ಮತ್ತೆ ಬೆರಳು ಸೇರಿಸಿದ. ಬಳೆ ಮಾಡಿದ, ಚಿಕ್ಕದು ಮಾಡಿದ, ಮತ್ತೆ ಸ್ವಲ್ಪ ದೊಡ್ಡದು ಮಾಡಿದ. ಬೆರಳು ಒಂದು ಕಡೆ ನಿಲ್ಲಲಿಲ್ಲ. ರಸ್ತೆಯಲ್ಲಿ ನಡೆದು ಹೋಗುವವರ ಬೆನ್ನು ನೋಡಿ ಎಷ್ಟು ಮೀಟರ್ ಬಟ್ಟೆ ಬೇಕು ಅಂತ ಹೇಳುವ ಮನುಷ್ಯ ಅವನು. ಕೊನೆಗೆ ಕೈ ಕೆಳಗಿಳಿಸಿ, ಅಂಗಡಿಯ ಹೆಂಗಸಿಗೆ, 'ಇನ್ನೊಂದಿನ ಬತ್ತೀವಿ ಕಣವ್ವ' ಅಂದು ಹೊರಗೆ ನಡೆದ. ಬಸ್‌ಸ್ಟ್ಯಾಂಡಿನವರೆಗೂ ಬೈಕಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟೆ. ಗುಬ್ಬಿ ಬಸ್ಸು ಹತ್ತುವಾಗ ತಿರುಗಿ ನೋಡಲಿಲ್ಲ.

ಕುಣಿಗಲ್‌ಗೆ ಬಂದು ಸುಮಾಳಿಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. 'ಇಷ್ಟ್ ವರ್ಷ ಆ ಲೂಸ್ ಶರ್ಟ್ ಹಾಕ್ಕೊಂಡು ಓಡಾಡಿದ್ರಲ್ಲ, ಆವಾಗ್ಲೇ ಕೇಳ್ಬೋದಿತ್ತು. ಅಂಗ್ಡೀಲಿ ಹತ್ ಜನ್ರ ಮುಂದೆ ಕೇಳ್ಬೇಕಿತ್ತಾ?' ಅಂದಳಷ್ಟೆ. ಹತ್ತು ಜನ ಇರಲಿಲ್ಲ ಅಂತ ವಾದ ಮಾಡಿದೆ. ಆದರೆ ಗಾಳಿಯಲ್ಲಿ ಆ ಬೆರಳುಗಳು ದೊಡ್ಡದು ಚಿಕ್ಕದು ಆಗುತ್ತಿದ್ದದ್ದು ಕಣ್ಣ ಮುಂದಿನಿಂದ ಹೋಗಲಿಲ್ಲ. ಗೆದ್ದವನ ಹಾಗೆ ಇರಬೇಕಾಗಿದ್ದ ನನಗೆ ಊಟ ಸೇರಲಿಲ್ಲ.

ನಾಲ್ಕೈದು ದಿನ ಕಳೆದಿರಬೇಕು. ಬೆಳಿಗ್ಗೆ ಮೈದಾನದಲ್ಲಿ ಟೀಚರಮ್ಮನಿಗೆ ರಿವರ್ಸ್ ಹೇಳಿಕೊಡುತ್ತಿದ್ದೆ. ಅವರು ಕನ್ನಡಿ ನೋಡಿ ಗಕ್ಕನೆ ಬ್ರೇಕು ಹಾಕಿದರು. 'ಸರ್, ಹಿಂದೆ ಯಾರೋ ನಿಂತವ್ರೆ.' ಇಳಿದು ನೋಡಿದರೆ ಅಪ್ಪ. ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಇಲ್ಲಿಗೆ, ಎರಡು ಬಸ್ಸು ಬದಲಾಯಿಸಿ ಬಂದಿದ್ದ. ಯಾಕಪ್ಪ ಬಂದೆ, ಏನಾಯಿತು ಅಂತ ನಾನು ಗಾಬರಿಯಿಂದ ಕೇಳುತ್ತಿದ್ದರೆ ಅವನು ಜೇಬಿಗೆ ಕೈ ಹಾಕಿ ಟೇಪು ತೆಗೆದ.

'ಕೈ ಚಾಚು' ಅಂದ.

'ಇಲ್ಲೇನಾ? ಮನೆಗೋಗಾಣ ಬಾಪ್ಪ, ಎಲ್ರೂ ನೋಡ್ತಾವ್ರೆ.'

'ನೋಡ್ಲಿ ಬುಡು. ಚಾಚ್ಲಾ.'

ಚಾಚಿದೆ. ಕೂದಲು ನೆರೆಯಲು ಶುರುವಾದ ಈ ವಯಸ್ಸಿನಲ್ಲಿ, ಕಾರಿನ ಮುಂದೆ, ಎರಡೂ ಕೈ ಅಗಲಿಸಿ ನಿಂತೆ. ಅಪ್ಪ ಕುತ್ತಿಗೆಯಿಂದ ಶುರುಮಾಡಿದ. ಟೇಪು ಇಷ್ಟು ತಣ್ಣಗಿರುತ್ತದೆ ಅಂತ ನೀನು ಯಾವತ್ತೂ ಹೇಳಿರಲಿಲ್ಲವಲ್ಲ. ಭುಜ, ಎದೆ, ತೋಳು. ತೋಳಿನ ಹತ್ತಿರ ಬಂದು ನಿಂತು, ಎರಡು ಸಲ ಅಳೆದ. 'ನಿಂದು ಎಡಗೈ ಬಲಗೈಗಿಂತ ಒಂಚೂರು ಉದ್ದ ಕಣ್ಲಾ' ಅಂದ. ಮತ್ತೆ ಟೇಪಿನ ಅಂಕಿ ನೋಡಿ, 'ನಂಗೊತ್ತೇ ಇರ್ಲಿಲ್ಲ' ಅಂದ. ನನಗೂ ಗೊತ್ತಿರಲಿಲ್ಲ. ಕೊನೆಗೆ ಮಣಿಕಟ್ಟಿಗೆ ಟೇಪು ಸುತ್ತಿದ, ತೆಗೆದ, ಆಮೇಲೆ ತನ್ನ ಬೆರಳುಗಳಿಂದ ಅದನ್ನು ಬಳೆಯ ಹಾಗೆ ಹಿಡಿದ. ಬಿಡಲಿಲ್ಲ. ಬೆರಳಿಗೆ ನೆನಪಾಗಲಿ ಅಂತ ಹಿಡಿದುಕೊಂಡಿದ್ದಾನೆ ಅನ್ನುವುದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಟೀಚರಮ್ಮ ಕಾರಿನೊಳಗೆ ಕೂತು ಬೇರೆ ಕಡೆ ನೋಡುತ್ತಿದ್ದರು.

'ಈ ಸಲ ಅವ್ನಿಗೆ ಬರೀ ಊಟ ಇಕ್ಕಾಣ. ಉಂಡ್ಕೊಂಡೋಗ್ಲಿ. ವಾಚು ನಿಂಗೆ. ಎಡೆಗಿಕ್ಕಿ ಆಮೇಲೆ ಅಲ್ಲ, ಮೊದ್ಲೇ ನಿಂಗೆ. ಯಾವ್ದು ಬೇಕು ನೀನೇ ಹೇಳು' ಅಂದ ಅಪ್ಪ. ಅಣ್ಣ, ನನ್ನನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ಬೇಕಾದ್ದನ್ನು ಆರಿಸಿಕೊಂಡು ಅಭ್ಯಾಸ ಇಲ್ಲದವನಲ್ಲವಾ ನಾನು? ಬಂದದ್ದನ್ನು ಮಡಿಸಿ ಹೊಲಿಸಿಕೊಂಡವನು.

ಮತ್ತೆ ಶಿರಾ ಗೇಟಿಗೆ ಹೋದೆವು. ಅದೇ ಹೆಂಗಸು, ಅದೇ ಎರಡು ವಾಚು. ಸಾದಾ ವಾಚನ್ನು ಕಟ್ಟಿ ನೋಡಿದೆ. ನನ್ನ ಕೈಗೇ ಮಾಡಿಸಿದ ಹಾಗಿತ್ತು, ಒಂದಿಷ್ಟೂ ಅಲ್ಲಾಡಲಿಲ್ಲ. ಅಪ್ಪ ತೃಪ್ತಿಯಿಂದ ತಲೆಯಾಡಿಸಿದ. ನಾನು ಅದನ್ನು ಬಿಚ್ಚಿಟ್ಟು, 'ಆ ಗಟ್ಟೀದು ಕೊಡಿ ಮೇಡಂ' ಅಂದೆ. 'ಸರ್, ಅದು ನಿಮ್ ಕೈಗೆ ದೊಡ್ದಾಗುತ್ತೆ. ನಿಮ್ಮ ಕೆಲ್ಸಕ್ಕೆ ಅದು ಬೇಕಾಗೋದೂ ಇಲ್ಲ' ಅಂದರು ಆಕೆ, ವ್ಯಾಪಾರ ಕೆಟ್ಟರೂ ಸರಿ ಅನ್ನುವ ಹಾಗೆ. ಅಪ್ಪ, 'ಅಳತೆ ತಗೊಂಡಿದ್ದು ಯಾತಕ್ಕ್ಲಾ ಮತ್ತೆ?' ಅಂದ. ಇರಲಿ ಅಂದೆ. ಬೆಲ್ಟನ್ನು ಕೊನೆಯ ತೂತಿನವರೆಗೆ ಎಳೆದು ಕಟ್ಟಿಕೊಂಡೆ. ಆಗಲೂ ಅದು ಸ್ವಲ್ಪ ಜಾರುತ್ತಿತ್ತು. ನಿಜ ಹೇಳುತ್ತೇನೆ, ಅದು ನನಗೆ ಬೇಕಾಗಿದ್ದದ್ದು ನೀನು ಬೇಕು ಅಂದಿದ್ದೆ ಅನ್ನುವ ಒಂದೇ ಕಾರಣಕ್ಕೆ. ನಿನಗೆ ಸಿಗದೆ ಹೋದದ್ದು ಒಂದಾದರೂ ನನ್ನ ಕೈಯಲ್ಲಿ ಇರಲಿ ಅನ್ನುವ ಕಿಚ್ಚಿಗೆ. ಅಪ್ಪ ನನ್ನ ಮುಖ ನೋಡಿದ. ಗೊತ್ತಾಯಿತೇನೋ. ಒಳಜೇಬಿಗೆ ಕೈ ಹಾಕಿ ದುಡ್ಡು ತೆಗೆದ.

ಇವತ್ತು ಬೆಳಿಗ್ಗೆ ಗುಬ್ಬಿಗೆ ಹೋದಾಗ ನನಗಾಗಿ ಒಂದು ಅಂಗಿಯನ್ನೂ ಹೊಲಿದಿಟ್ಟಿದ್ದ. ಎಡದ ತೋಳು ಒಂಚೂರು ಉದ್ದ. ಹಾಕಿಕೊಂಡೆ. ಎಲ್ಲ ಕಡೆ ಸರಿಯಾಗಿ ಕೂತಿತು. ಆದರೆ ಉಸಿರು ಕಟ್ಟಿದ ಹಾಗಾಯಿತು ನೋಡು! ಜೋಲುವ ಅಂಗಿಯೊಳಗೆ ಗಾಳಿಯಾಡಿಕೊಂಡು ಇದ್ದ ಮೈಗೆ ಸರಿಯಾದ ಅಳತೆ ಬಿಗಿಯಾಗುತ್ತದೆ. ನಿನ್ನ ಅಂಗಿಯೊಳಗೆ ನನ್ನ ಜೊತೆ ನೀನೂ ಇರುತ್ತಿದ್ದೆ ಅಂತ ಕಾಣುತ್ತದೆ. ಇದರಲ್ಲಿ ನಾನೊಬ್ಬನೇ. ಎಡೆಗೆ ಎಲೆ ಹಾಕುವಾಗ ಅತ್ತಿಗೆ ನನ್ನ ಕೈ ನೋಡಿ, 'ನಿಮ್ಮಣ್ಣ ಇದ್ದಿದ್ರೆ ನಿಮ್ಮತ್ರ ಕಿತ್ಕೊಂಡು ಕಟ್ಕೊತಿದ್ರು' ಅಂದು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಿನಗಿಷ್ಟವಾದ ಮಟನ್ ಕೈಮ ಉಂಡೆ ಬಡಿಸಿ ಬಾಗಿಲು ಎಳೆದುಕೊಂಡೆವು. ಜಗಲಿಯಲ್ಲಿ ಕೂತು ನಾನು ವಾಚನ್ನು ಇನ್ನೊಂದು ಕೈಯಿಂದ ಮುಚ್ಚಿ ಹಿಡಿದುಕೊಂಡಿದ್ದೆ. ಬಿಚ್ಚಿ ಒಳಗೆ ಇಟ್ಟು ಬರಲಾ ಅಂತ ಒಂದು ಸಲ ಅನ್ನಿಸಿದ್ದೂ ಉಂಟು. ಇಡಲಿಲ್ಲ.

ಒಂದು ಮಾತು ಕೊಡುತ್ತೇನೆ, ಕೇಳಿಸಿಕೋ. ಈ ವಾಚನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುವುದಿಲ್ಲ. ದಿನಾ ಕಟ್ಟುತ್ತೇನೆ. ಬೆವರಿಗೆ, ಧೂಳಿಗೆ, ಮಳೆಗೆ ಬಿಡುತ್ತೇನೆ. ಇದರ ಹೊಳಪು ಹೋಗಲಿ, ಬೆಲ್ಟಿಗೆ ನನ್ನ ಕೈಯ ವಾಸನೆ ಹತ್ತಲಿ, ನೋಡಿದವರು ಇದು ಮಂಜನ ವಾಚು ಅನ್ನಲಿ. ಎಷ್ಟು ವರ್ಷ ಆದೀತು ಗೊತ್ತಿಲ್ಲ, ನೀನು ಕಾಯಬೇಕು. ಆಮೇಲೊಂದು ಹಬ್ಬಕ್ಕೆ ಇದನ್ನು ಒರೆಸಿ, ಚಾರ್ಜು ತುಂಬಿಸಿ, ಬೆಲ್ಟನ್ನು ನಿನ್ನ ಅಳತೆಗೆ ಸಡಿಲಿಸಿ ಎಲೆಯ ಪಕ್ಕದಲ್ಲಿ ಇಟ್ಟು ಬಾಗಿಲು ಎಳೆದುಕೊಳ್ಳುತ್ತೇನೆ. ನಿನಗೆ ಸರಿಯಾಗುತ್ತದೆ, ನಿನ್ನ ಕೈಗೆ ಆಗುವುದನ್ನೇ ತೆಗೆದುಕೊಂಡಿದ್ದೇನೆ. ಒಂದು ಸಲವಾದರೂ ನೀನು ನನ್ನ ಹಳೆಯದನ್ನು ಕಟ್ಟಿಕೋ, ಅಣ್ಣ.

ನಿನ್ನ ಬೆನ್ನಿಗೆ ಹುಟ್ಟಿದ
ಮಂಜ